ಮಳೆಯಿಲ್ಲದೆ ಕುಸಿಯುವ ರಸ್ತೆ

ಗೋಕಾಕದಿಂದ ಕುಲಗೋಡದ ಕಡೆಗೆ ಹೋಗುವ ನಮ್ಮ ರಾಜ್ಯ ಹೆದ್ದಾರಿಯಲ್ಲಿ ಒಂದು ತಿರುವು ಇದೆ. ಅದನ್ನು ನೆನೆದರೆ ನನ್ನ ಕೈ ಇವತ್ತಿಗೂ ಮೂಗಿಗೆ ಹೋಗುತ್ತದೆ. ಮಾತಿಗೆ ಹೇಳುತ್ತಿಲ್ಲ. ಕಬ್ಬಿನ ಹಂಗಾಮಿನಲ್ಲಿ ಅಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಸಕ್ಕರೆ ಕಾರ್ಖಾನೆಯ ಟ್ಯಾಂಕರಿನಿಂದ ಚೆಲ್ಲಿದ ಕಾಕಂಬಿ ಬಿಸಿಲಿಗೆ ಹುಳಿತು ನಾರುತ್ತಿರುತ್ತದೆ. ರಸ್ತೆಯ ಅಂಚಿಗೆ ಕಾಲಿಡಬೇಕೆಂದರೆ ಬೆಳಗಿನ ಜಾವ ತಂಬಿಗೆ ಹಿಡಿದು ಬಂದುಹೋದವರ ಗುರುತುಗಳನ್ನು ದಾಟಿಕೊಂಡು ಹೋಗಬೇಕು. ಕಿಲೋಮೀಟರ್ ಕಲ್ಲಿನ ಮೇಲೆ ಗುಟಕಾ ಉಗುಳಿ ಉಗುಳಿ, ಗೋಕಾಕ ಎಷ್ಟು ದೂರ ಎಂಬುದು ಯಾರಿಗೂ ಓದಲು ಬರುವಂತಿಲ್ಲ. ಆ ಕಲ್ಲಿಗೆ ಎರಡು ಸಲ ಬಣ್ಣ ಹೊಡೆಸಿದೆ, ಮೂರನೆಯ ಸಲ ಕೈಬಿಟ್ಟೆ.

ನಾನು ಆ ಭಾಗದ ರಸ್ತೆಗಳನ್ನು ನೋಡಿಕೊಳ್ಳುವ ಸೆಕ್ಷನ್ ಎಂಜಿನಿಯರ್. ಊರು ಹುಕ್ಕೇರಿ. ಕೆಲಸಕ್ಕಾಗಿ ಗೋಕಾಕದಲ್ಲಿ ಒಂದು ಕೋಣೆ ಹಿಡಿದಿದ್ದೆ. ಶನಿವಾರ ಸಂಜೆ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ಮರಳಿ ಬರುವುದು. ಹೋಗಿಬರುವುದೂ ಇದೇ ರಸ್ತೆಯ ಮೇಲೆಯೇ. ಹುಕ್ಕೇರಿಯಿಂದ ಘಟಪ್ರಭಾಕ್ಕೆ, ಘಟಪ್ರಭಾದಿಂದ ಗೋಕಾಕಕ್ಕೆ, ಅಲ್ಲಿಂದ ಮುಂದೆ ಕೆಲಸದ ಮೇಲೆ ಪೂರ್ವಕ್ಕೆ ಕಪ್ಪು ಎರೆ ಹೊಲಗಳ ನಡುವೆ ಕುಲಗೋಡಕ್ಕೆ. ಇಷ್ಟು ಉದ್ದಕ್ಕೂ ಕೂತು ಕೂತು ಬೆನ್ನು ಸವೆಸಿದ್ದರಿಂದ ಎಲ್ಲಿ ಯಾವ ಗುಂಡಿ ಇದೆ ಎಂಬುದು ನನಗೆ ಕಣ್ಣು ಮುಚ್ಚಿಕೊಂಡೂ ಗೊತ್ತಾಗುತ್ತಿತ್ತು.

ಹೆದ್ದಾರಿ ಎಂಬುದು ಬರೀ ಹೆಸರು. ಮೊದಲು ಇದು ಗಾಡಿ ದಾರಿ. ಬೆಲ್ಲ, ಹತ್ತಿ ಹೇರಿಕೊಂಡು ಎತ್ತುಗಳು ಸಂತೆಗೆ ನಡೆದ ದಾರಿ, ಕುರುಬರು ಮೇವು ಹುಡುಕುತ್ತ ಕುರಿ ಹೊಡೆದುಕೊಂಡು ಹೋದ ದಾರಿ. ಯಾರ ಹೊಲಕ್ಕೂ ಅಡ್ಡ ಬರಬಾರದೆಂದು ಎತ್ತು, ಕುರಿಗಳನ್ನು ಸುತ್ತಿ ಬಳಸಿ ಹೊಡೆದರು. ಆಮೇಲೆ ಅದೇ ಜಾಡಿನ ಮೇಲೆ ಕಲ್ಲು ಬಿತ್ತು, ಕಲ್ಲಿನ ಮೇಲೆ ಗರಸಿನ ಒರಟು ಮಣ್ಣು, ಗರಸಿನ ಮೇಲೆ ಡಾಂಬರು. ಅಗಲ ಮಾಡಿದಾಗೆಲ್ಲ ತಿರುವುಗಳನ್ನು ನೇರ ಮಾಡುವ ಮಾತು ಬಂತು. ಹೊಲದವರು ಬಡಿದಾಡಿದರು, ತಿರುವುಗಳು ಉಳಿದವು. ಕೊನೆಗೊಂದು ದಿನ ಬೋರ್ಡು ನೆಟ್ಟು ರಾಜ್ಯ ಹೆದ್ದಾರಿ ಎಂದರು. ಮೂಡಲಗಿ ಹೊಸ ತಾಲ್ಲೂಕು ಆದ ಮೇಲೆ ಇನ್ನೊಂದು ಪೀಡೆ ಶುರುವಾಯಿತು. ನಾನು ಹೇಳುತ್ತಿರುವ ತಿರುವು ಎರಡು ತಾಲ್ಲೂಕುಗಳ ಸರಹದ್ದಿನ ಹತ್ತಿರವೇ ಇದೆ. ಅದು ನಿಮ್ಮದು ಎಂದು ಇವರು, ನಮ್ಮದಲ್ಲ ಎಂದು ಅವರು. ಒಬ್ಬರ ಮೇಲೊಬ್ಬರು ಹಾಕಿ ಹಾಕಿ ಕೊನೆಗೆ ನನ್ನ ಕೊರಳಿಗೆ ಕಟ್ಟಿದರು.

ಆ ತಿರುವಿನ ರೋಗ ಏನೆಂದರೆ, ಅದು ಮಳೆಗಾಲದಲ್ಲಿ ಕುಸಿಯುವುದಿಲ್ಲ. ಬೇರೆ ರಸ್ತೆಗಳೆಲ್ಲ ಮಳೆಗೆ ಹಾಳಾದರೆ ಇದು ಮಳೆ ನಿಂತ ಮೇಲೆ ಹಾಳಾಗುತ್ತದೆ. ಕಬ್ಬಿನ ಟ್ರ್ಯಾಕ್ಟರುಗಳು ಶುರುವಾದವು ಎಂದರೆ ಡಾಂಬರು ಅಂಗೈಯಂತೆ ತಗ್ಗಾಗುತ್ತದೆ. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಕಿವಿ ಹರಿಯುವಂತೆ ಹಾಡು ಹಾಕಿಕೊಂಡು ಹೋಗುವ ಆ ಗಾಡಿಗಳನ್ನು ನೋಡಿದವರು ಯಾರೂ ಬೇರೆ ಕಾರಣ ಹುಡುಕುವುದಿಲ್ಲ. ನಾನೂ ಹುಡುಕಿರಲಿಲ್ಲ.

ತಿರುವಿನ ಅಂಚಿಗೆ ಒಂದು ತಗಡಿನ ಚಹಾದಂಗಡಿ ಇತ್ತು. ನಡೆಸುವವಳು ನನ್ನದೇ ವಯಸ್ಸಿನ ಹೆಂಗಸು, ಗಟ್ಟಿ ದನಿಯವಳು. ಗಂಡ ಒಳಗೆ ಹಾಕಿದ ಬೆಂಚಿನ ಮೇಲೆ ಕಂಬಳಿ ಹೊದ್ದು ಮಲಗಿರುತ್ತಿದ್ದ. ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆ ಎರಡು ಸಲ ಘಟಪ್ರಭಾದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕಿತ್ತು. ಒಂದು ಸರದಿ ತಪ್ಪಿದರೂ ಮುಖ ಊದಿಕೊಂಡು ಉಸಿರು ಕಟ್ಟುತ್ತಿತ್ತಂತೆ. ಬಸ್ಸಿನ ನಿಲ್ದಾಣ ಅಲ್ಲಿಯ ಊರೊಳಗೆ, ಅಂಗಡಿಯಿಂದ ದೂರ. ಅಷ್ಟು ನಡೆಯುವ ಶಕ್ತಿ ಅವನಿಗಿರಲಿಲ್ಲ. ಆದರೆ ತಿರುವಿನ ತಗ್ಗಿನಲ್ಲಿ ಇಳಿದು ಹತ್ತುವಾಗ ಬಸ್ಸು ಆಮೆಯ ಹಾಗೆ ಬರುತ್ತಿತ್ತು. ಕಂಡಕ್ಟರ್ ಬಾಗಿಲು ತೆಗೆಯುತ್ತಿದ್ದ, ಇವಳು ಗಂಡನನ್ನು ಹಿಂದಿನಿಂದ ದೂಡಿ ಹತ್ತಿಸುತ್ತಿದ್ದಳು.

ನಾನು ಮೊದಲ ಸಲ ಅಳತೆ ಟೇಪು ಹಿಡಿದು ಅಲ್ಲಿ ಇಳಿದಾಗ ಅವಳು ಚಹಾ ತಂದುಕೊಟ್ಟು ಒಂದೇ ಮಾತು ಕೇಳಿದಳು.

"ರಸ್ತಿ ಏನರ ಮಾಡ್ರಿ ಮೇಡಂ, ಬಸ್ ಒಂದ್ ಬಂದ್ ಮಾಡಬ್ಯಾಡ್ರಿ. ಬಸ್ ನಿಂತ್ರ ನಮ್ಮ ಮನಿಯವ್ರು ಉಳಿಯೂದಿಲ್ಲ."

"ಇಲ್ಲವಾ, ಬಸ್ಸಿಗೆ ಏನೂ ಆಗೂದಿಲ್ಲ," ಎಂದು ಧೈರ್ಯವಾಗಿ ಹೇಳಿದೆ. ಮಾತು ಕೊಡುವುದು ಸುಲಭ.

ಆಗ ಮೂಡಲಗಿಯಲ್ಲಿ ಯಾವುದೋ ಉದ್ಘಾಟನೆ ಇತ್ತು. ದೊಡ್ಡವರು ಈ ರಸ್ತೆಯಲ್ಲೇ ಬರುವವರಿದ್ದರು. ನಮ್ಮ ಮೇಲಿನ ಸಾಹೇಬರು ಫೋನ್ ಮಾಡಿದರು. "ಮ್ಯಾಲಿಂದ ಮ್ಯಾಲ ಒಂದ್ ಕೋಟ್ ಹೊಡೀರಿ. ಕರ್ರಗ ಕಾಣಬೇಕು, ಅಷ್ಟ ಸಾಕು," ಎಂದರು. ಗುತ್ತಿಗೆದಾರನ ಮೇಸ್ತ್ರಿ ಬಂದ. ನಾನು ಇನ್ನೊಂದು ಕಡೆಯ ಕೆಲಸ ಮುಗಿಸಿ ಬರುವಷ್ಟರಲ್ಲಿ ಆತ ಗುಂಡಿಯ ದೂಳನ್ನೂ ಗುಡಿಸದೆ ಮೇಲೆ ಡಾಂಬರು ಬೆರೆಸಿದ ಖಡಿಕಲ್ಲು ಸುರಿದು ರೋಲರ್ ಓಡಿಸಿದ್ದ. ನೋಡಲು ಹೊಸ ಕಂಬಳಿ ಹಾಸಿದಂತಿತ್ತು. ದೊಡ್ಡವರು ಬಂದರು, ಹೋದರು, ಕಾರಿನ ಗಾಜು ಇಳಿಸಲಿಲ್ಲ. ವಾರ ತುಂಬುವುದರೊಳಗೆ ಆ ಕಂಬಳಿ ಮುದುಡಿ ಒಂದು ಕಡೆ ಗುಡ್ಡೆಯಾಯಿತು.

ನನ್ನ ಸಿಟ್ಟೆಲ್ಲ ಮೇಸ್ತ್ರಿಯ ಮೇಲೆ ಹೋಯಿತು. ಎರಡನೆಯ ಸಲ ಅಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಹಾಳಾದ ಜಾಗವನ್ನು ಚೌಕಾಕಾರ ಕಡಿಸಿದೆ, ಅಂಚುಗಳನ್ನು ನೇರ ಮಾಡಿಸಿದೆ, ಗುಡಿಸಿ, ಗಾಳಿ ಹೊಡೆಸಿ, ಬಿಸಿ ಡಾಂಬರು ಚಿಮುಕಿಸಿ, ಪದರ ಪದರವಾಗಿ ಖಡಿ ತುಂಬಿಸಿ ರೋಲರ್ ಹಾಯಿಸಿದೆ. ಪುಸ್ತಕದಲ್ಲಿ ಇರುವ ಹಾಗೆಯೇ ಮಾಡಿದ ಕೆಲಸ. ಮೇಸ್ತ್ರಿ ಮುಖ ಗಂಟು ಹಾಕಿಕೊಂಡೇ ಮಾಡಿದ. ಅದೂ ಕುಸಿಯಿತು. ಈ ಸಲ ಕಬ್ಬಿನ ಟ್ರ್ಯಾಕ್ಟರೊಂದರ ಎರಡನೆಯ ಟ್ರೇಲರ್ ತಗ್ಗಿಗೆ ವಾಲಿ ಮಗುಚಿಕೊಂಡಿತು. ಕಬ್ಬೆಲ್ಲ ಚಹಾದಂಗಡಿಯ ಮುಂದೆ ಬಿತ್ತು. ಗಂಡನನ್ನು ಆಗಷ್ಟೇ ಒಳಗೆ ಮಲಗಿಸಿ ಬಂದಿದ್ದ ಅವಳು ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು. ಬಿದ್ದ ಕಬ್ಬನ್ನು ಊರಿನವರು ಮುರಿದುಕೊಂಡು ತಿನ್ನುತ್ತ ನನಗೆ ಬೈದರು.

"ಏನ್ ರಸ್ತಿರೀ ಇದು? ನಿಮಗೆಲ್ಲಾ ಪಗಾರ ಯಾಕ ಕೊಡ್ತಾರ?"

ಮೇಲೆ ಮಾಡಿದ ಕೆಲಸದಲ್ಲಿ ತಪ್ಪಿಲ್ಲ ಎಂದರೆ ರೋಗ ಕೆಳಗಿರಬೇಕು. ಮರುದಿನ ನಾಲ್ಕು ಆಳುಗಳನ್ನು ಕರೆದುಕೊಂಡು ಹೋಗಿ ರಸ್ತೆಯ ಅಂಚಿನಿಂದ ಒಳಕ್ಕೆ ಒಂದು ಗುಂಡಿ ತೋಡಿಸಿದೆ. ಮೇಲೆ ನಮ್ಮ ಹೊಸ ಡಾಂಬರು. ಅದರ ಕೆಳಗೆ ಹಳೆಯ ಡಾಂಬರು, ಅದರ ಕೆಳಗೆ ಇನ್ನೂ ಹಳೆಯದು, ತೇಪೆಯ ಮೇಲೆ ತೇಪೆ. ಅದರ ಕೆಳಗೆ ಗರಸು, ಕಟ್ಟಕಡೆಗೆ ಯಾರೋ ಕೈಯಿಂದ ಒಡೆದು ಒಂದೊಂದಾಗಿ ನಿಲ್ಲಿಸಿ ಜೋಡಿಸಿದ ಕಲ್ಲು. ಆ ಕಲ್ಲುಗಳ ಕೆಲಸ ಮಾತ್ರ ನೋಡುವಂತಿತ್ತು. ಮೇಲಕ್ಕೆ ಬಂದಷ್ಟೂ ಕೆಲಸ ಕೆಡುತ್ತ ಬಂದಿತ್ತು. ನಮ್ಮ ಇಲಾಖೆಯ ಚರಿತ್ರೆಯನ್ನು ಯಾರಾದರೂ ಬರೆಯುವುದಿದ್ದರೆ ಆ ಗುಂಡಿಯಲ್ಲಿ ಇಳಿದರೆ ಸಾಕಿತ್ತು.

ಕಲ್ಲಿನ ಕೆಳಗೆ ಎರೆಮಣ್ಣು. ಒಂದು ಹಿಡಿ ತೆಗೆದು ಹಿಂಡಿದೆ. ಬೆರಳ ಸಂದಿನಿಂದ ನೀರು ಸೋರಿತು. ಮಳೆ ಹೋಗಿ ತಿಂಗಳುಗಳೇ ಆಗಿದ್ದವು, ಪಕ್ಕದ ಹೊಲದಲ್ಲಿ ನೆಲ ಬಿರುಕು ಬಿಟ್ಟಿತ್ತು. ಆಳು ಇನ್ನೂ ಸ್ವಲ್ಪ ಒಳಕ್ಕೆ ಹಾರೆ ಹಾಕಿದ. ಹಾರೆಗೆ ಪ್ಲಾಸ್ಟಿಕ್ ಪೈಪು ತಗುಲಿತು. ಅದರ ಪಕ್ಕಕ್ಕೆ ಇನ್ನೊಂದು. ಮಣ್ಣು ಬಿಡಿಸುತ್ತ ಹೋದಂತೆ ಮೇಲೊಂದು ಕೆಳಗೊಂದು ಪೈಪುಗಳು ರಸ್ತೆಗೆ ಅಡ್ಡಲಾಗಿ ಸಾಲಾಗಿ ಕಂಡವು. ನಡುವೆ ತೆಂಗಿನಕಾಯಿಯ ಚಿಪ್ಪು, ಅರಿಶಿನ ಹಚ್ಚಿದ ಕಲ್ಲು. ರಸ್ತೆ ಕಡಿದು ಕದ್ದು ಪೈಪು ಹಾಕುವ ಮೊದಲು ಕಾಯಿ ಒಡೆದು ಪೂಜೆ ಮಾಡಿದ್ದರು!

ನದಿಯಿಂದ, ಕಾಲುವೆಯಿಂದ ದೂರದ ಹೊಲಗಳಿಗೆ ಪೈಪ್‌ಲೈನಿನಲ್ಲಿ ನೀರು ಒಯ್ಯುವುದು ನಮ್ಮ ಕಡೆ ಎಲ್ಲರೂ ಬಲ್ಲ ಮಾತು. ರಸ್ತೆ ದಾಟಿಸಬೇಕಾದರೆ ಇಲಾಖೆಯ ಒಪ್ಪಿಗೆ ಬೇಕು. ಒಪ್ಪಿಗೆ ಬರುವಷ್ಟರಲ್ಲಿ ಬೆಳೆ ಒಣಗುತ್ತದೆ ಎಂದು ರಾತ್ರೋರಾತ್ರಿ ಕಡಿದು ಹಾಕಿಬಿಡುತ್ತಾರೆ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಒಂದೇ ಕಡೆ ಇಷ್ಟು ಪೈಪು, ಅಷ್ಟೂ ಸೋರುತ್ತವೆ ಎಂದರೆ ಹೇಗೆ? ಗುಂಡಿಯ ಅಂಚಿಗೆ ಕೂತು ಕಾದೆ. ಮಧ್ಯಾಹ್ನ ಪಂಪುಗಳಿಗೆ ಕರೆಂಟು ಬಂತು. ದೂರದಲ್ಲಿ ಮೋಟರುಗಳ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಪೈಪಿನ ಜೋಡಣೆಯಲ್ಲಿ, ಸರಿಯಾಗಿ ರಸ್ತೆಯ ನಟ್ಟನಡುವೆ, ಹನಿ ಮೂಡಿತು. ಹನಿ ಧಾರೆಯಾಯಿತು. ಜೋಡಣೆಗೆ ಸೈಕಲ್ ಟ್ಯೂಬು ಸೀಳಿ ಸುತ್ತಿದ್ದರು. ಅದರ ಪಕ್ಕದ ಪೈಪೂ ಅಲ್ಲೇ, ನಡುವೆಯೇ ಚಿಮ್ಮಿತು. ಗುಂಡಿ ಕಣ್ಣೆದುರಿಗೇ ತುಂಬಿಕೊಂಡಿತು.

ಅಷ್ಟರಲ್ಲಿ ಪಕ್ಕದ ಹೊಲದ ಯಜಮಾನ ಬಂದರು. ಊರಲ್ಲಿ ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ. ಹಣೆಯ ತುಂಬ ವಿಭೂತಿ, ಬಿಳಿ ಧೋತರ, ಎದೆಯ ಮೇಲೆ ಲಿಂಗ. ಮರ್ಯಾದಸ್ಥರು. ಗುಂಡಿಯೊಳಗೆ ಇಣುಕಿ, ಮೊಮ್ಮಗನ ಆಟಿಕೆ ಸಿಕ್ಕಿದ ಹಾಗೆ ನಕ್ಕರು.

"ಅದು ನಮ್ಮದ ರೀ, ದಪ್ಪಂದು."

"ಕಾಕಾ, ಯಾರನ್ನ ಕೇಳಿ ರಸ್ತಿ ಕಡದ್ರಿ?"

"ಎಲ್ಲಾರೂ ಕಡದಾರ ರೀ ಮೇಡಂ. ಆದ್ರ ನಾವು ಅಡ್ಡಾದಿಡ್ಡಿ ಮಂದಿ ಅಲ್ಲ. ಭೂಮಿತಾಯಿಗೆ ಕಾಯಿ ಒಡದ ಮ್ಯಾಲೇ ಹಾರಿ ಹಾಕೂದು. ಮತ್ತ ಒಂದ್ ಬಸ್ ಸೈತ ತಡಿಯೂದಿಲ್ಲ. ಅರ್ಧಾ ರಸ್ತಿ ಮೊದಲ ಕಡೀತೇವಿ, ಪೈಪ್ ಹಾಕಿ ಮುಚ್ಚತೇವಿ. ಗಾಡಿ ಆ ಕಡೆಯಿಂದ ಹೋಗ್ತಾವ. ಆಮ್ಯಾಲ ಇನ್ನರ್ಧಾ ಕಡೀತೇವಿ. ನಮ್ಮ ಹಿರ್ಯಾರ ಕಾಲದಿಂದ ಹಂಗ ಐತಿ."

"ಹಂಗ ಮಾಡಿದ್ರ ಜಾಯಿಂಟ್ ಎಲ್ಲಿ ಬರ್ತೈತಿ?"

"ನಟ್ಟ ನಡುವ ಬರ್ತೈತಿ. ಮತ್ತೆಲ್ಲಿ ಬರಬೇಕ್ರಿ?"

ತಲೆ ಚಚ್ಚಿಕೊಳ್ಳಬೇಕೆನಿಸಿತು. ದಾರಿಯವರಿಗೆ ತೊಂದರೆ ಆಗಬಾರದೆಂಬ ಸಜ್ಜನಿಕೆಯಿಂದಲೇ ಇವರೆಲ್ಲ, ಒಬ್ಬರ ನಂತರ ಒಬ್ಬರು, ಜೋಡಣೆಯನ್ನು ಚಕ್ರದ ಕೆಳಗೇ ತಂದಿಟ್ಟಿದ್ದರು. ಮೋಟರ್ ಓಡಿದಾಗೆಲ್ಲ ನೀರು ಸೋರುತ್ತದೆ, ಎರೆಮಣ್ಣು ಬೆಣ್ಣೆಯಾಗುತ್ತದೆ, ಮೇಲಿನಿಂದ ಕಬ್ಬು ತುಳಿಯುತ್ತದೆ. ನಾವು ಮತ್ತೆ ಮತ್ತೆ ಡಾಂಬರು ಬಳಿಯುತ್ತೇವೆ. ಮಳೆಗಾಲದಲ್ಲಿ ಮೋಟರ್ ಓಡುವುದಿಲ್ಲ, ಆಗ ತಗ್ಗು ಇದ್ದಷ್ಟೇ ಇರುತ್ತದೆ. ಇಷ್ಟು ಸರಳವಾದ ವಿಷಯವನ್ನು ಯಾರೂ ಬಗ್ಗಿ ನೋಡಿರಲಿಲ್ಲವೆಂಬುದು ಇನ್ನೂ ಹೇಸಿಗೆಯ ಸಂಗತಿ.

ಮದ್ದು ಗೊತ್ತಿತ್ತು. ಆ ಭಾಗವನ್ನು ಪೂರ್ತಿ ಅಗೆದು, ಎಲ್ಲ ಪೈಪು ಕಿತ್ತು, ಕೊಳೆತ ಮಣ್ಣನ್ನು ತೆಗೆದುಹಾಕಬೇಕು. ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೆ ಸಿಮೆಂಟಿನ ದೊಡ್ಡ ಕೊಳವೆ ಹೂಳಬೇಕು. ರೈತರ ಪೈಪುಗಳೆಲ್ಲ ಅದರೊಳಗೆ, ನಡುವೆ ಜೋಡಣೆ ಇಲ್ಲದೆ, ಒಂದೇ ಎಳೆಯಾಗಿ ಹೋಗಬೇಕು. ಮುಂದೆ ಯಾವುದು ಸೋರಿದರೂ ಹೊರಗೆಳೆದು ಸರಿಮಾಡಬಹುದು, ರಸ್ತೆ ಮುಟ್ಟಬೇಕಿಲ್ಲ. ಇದಕ್ಕೆ ರಸ್ತೆಯನ್ನು ಪೂರ್ತಿ ಬಿಚ್ಚಬೇಕಿತ್ತು. ಅರ್ಧರ್ಧ ಮಾಡಿದರೆ ಆ ಬೆಣ್ಣೆಯಂಥ ಮಣ್ಣು ಪಕ್ಕದ ಗಾಡಿಯ ಭಾರಕ್ಕೆ ಕುಸಿದು ಆಳುಗಳ ಮೇಲೆ ಬೀಳುತ್ತಿತ್ತು. ರಸ್ತೆ ಬಿಚ್ಚಿದರೆ ಬಸ್ಸು ಎಲ್ಲಿಂದ ಹೋಗಬೇಕು? ಒಂದೇ ದಾರಿ. ತಿರುವಿನ ಒಳಮಗ್ಗುಲಿನ ಕಾಕಾನ ಹೊಲದಲ್ಲಿ ಒಂದು ಪಟ್ಟಿ ಕಬ್ಬು ಕಡಿದು, ಗರಸು ಹಾಕಿ, ಬದಲಿ ರಸ್ತೆ ಮಾಡಬೇಕು.

ಕಾಕಾನ ಮನೆಗೆ ಹೋಗಿ ಕೇಳಿದೆ. ಚಹಾ ಬಂತು, ಅವಲಕ್ಕಿ ಬಂತು, ಒಪ್ಪಿಗೆ ಬರಲಿಲ್ಲ.

"ಫ್ಯಾಕ್ಟ್ರಿಯಿಂದ ಕಬ್ಬ ಕಡಿಯೂ ಪಾಳಿ ಇನ್ನಾ ಬಂದಿಲ್ರಿ. ಈಗ ಹೆಂಗ ಕಡೀಲಿ? ಮತ್ತ ಪೈಪ್ ತಗದ್ರ ನೀರ ಯಾರ್ ಕೊಡ್ತಾರ?"

"ಕಾಕಾ, ಚಾದಂಗಡಿಯವ್ರ ಸಂಗತಿ ನಿಮಗ ಗೊತ್ತೈತಿ. ಹಂಗ ಬಿಟ್ರ ರಸ್ತಿ ಪೂರಾ ಕುಂದ್ರತೈತಿ, ಬಸ್ ನಿಲ್ತೈತಿ. ಅಂವ ಸಾಯ್ತಾನ."

"ಅದು ಅವನ ಹಣೆಬರಹ ರೀ ಯವ್ವಾ. ನಾ ಏನ್ ಮಾಡ್ಲಿ?"

ಬಾಯಿಯೊಳಗಿನ ಅವಲಕ್ಕಿ ಮಣ್ಣಾಯಿತು. ಎದ್ದು ಬಂದೆ. ಸಾಹೇಬರಿಗೆ ಫೋನ್ ಮಾಡಿದೆ. "ಈಗ ಹಂಗಾಮ ನಡದೈತಿ, ರಗಳೆ ಮಾಡಬ್ಯಾಡ್ರಿ. ಸದ್ಯಕ್ಕ ಇನ್ನೊಂದ್ ತೇಪಿ ಹಚ್ಚಿ ಬಿಡ್ರಿ, ಮುಂದಿನ ವರ್ಷ ನೋಡೂನು," ಎಂದರು. ಮುಂದಿನ ವರ್ಷ ಅವರು ಅಲ್ಲಿ ಇರುವುದಿಲ್ಲ, ನಾನೂ ಇರುವುದಿಲ್ಲ. ಅಷ್ಟನ್ನು ನಂಬಿಕೊಂಡೇ ಇಷ್ಟು ತೇಪೆಗಳು ಬಿದ್ದಿದ್ದವು. ಇನ್ನೊಂದು ತೇಪೆ ಹಾಕಿದ್ದರೆ ನನ್ನನ್ನು ಕೇಳುವವರು ಯಾರೂ ಇರಲಿಲ್ಲ. ಕೋಣೆಗೆ ಬಂದು ಕೈಕಾಲು ತೊಳೆದರೂ ಆ ಎರೆಮಣ್ಣಿನ ವಾಸನೆ ಹೋಗಲಿಲ್ಲ. ಇನ್ನು ತೇಪೆ ಹಾಕುವುದಿಲ್ಲ ಎಂದು ತೀರ್ಮಾನಿಸಿದೆ.

ಮರುದಿನ ಬೆಳಿಗ್ಗೆ ಖಾಲಿ ಡಾಂಬರಿನ ಪೀಪಾಯಿಗಳಿಗೆ ಕಲ್ಲು ತುಂಬಿಸಿ ತಿರುವಿನಲ್ಲಿ ಎರಡು ಸಾಲು ನಿಲ್ಲಿಸಿದೆ. ನಡುವೆ ಬಸ್ಸಿನ ಮೈ ಹಾಯುವಷ್ಟು ಸಂದು ಬಿಟ್ಟೆ. ಆ ಸಂದಿನ ನೆಲಕ್ಕೆ ದಪ್ಪ ಕಲ್ಲು ಹಾಕಿಸಿದ್ದೆ. ಬಸ್ಸು ಹೋಯಿತು, ಜೀಪು ಹೋಯಿತು, ಮೋಟರ್ ಸೈಕಲ್ ಹೋದವು. ಕಬ್ಬಿನ ಟ್ರೇಲರ್ ಹೋಗಲಿಲ್ಲ. ಎರಡೂ ಮಗ್ಗುಲಿಗೆ ಗರ್ಭಿಣಿಯ ಹೊಟ್ಟೆಯಂತೆ ಉಬ್ಬಿಸಿ ಹೇರಿರುತ್ತಾರಲ್ಲ, ಅದು ಪೀಪಾಯಿಗೆ ಸಿಕ್ಕಿಕೊಳ್ಳುತ್ತಿತ್ತು. ಕಾಯ್ದೆಯಂತೆ ಹೇರಿದ್ದರೆ ಸಲೀಸಾಗಿ ಹೋಗುತ್ತಿತ್ತು. ಕಾಯ್ದೆಯಂತೆ ಹೇರಿದ ಒಂದು ಟ್ರೇಲರೂ ಆ ದಿನ ಬರಲಿಲ್ಲ.

ಹೊತ್ತೇರುವುದರೊಳಗೆ ಟ್ರ್ಯಾಕ್ಟರುಗಳ ಸಾಲು ಕಣ್ಣು ಹಾಯುವಷ್ಟು ದೂರ ನಿಂತಿತು. ಎಲ್ಲದರ ಹಾಡೂ ಒಟ್ಟಿಗೆ. ಕಡಿದ ಕಬ್ಬು ಬಿಸಿಲಿಗೆ ನಿಂತರೆ ತೂಕ ಇಳಿಯುತ್ತದೆ. ಜನ ಬಾಯಿಗೆ ಬಂದಂತೆ ಬೈದರು. ಒಬ್ಬ ಪೀಪಾಯಿ ಒದ್ದು ಕಾಲು ನೋಯಿಸಿಕೊಂಡ. ಮೇಸ್ತ್ರಿ ನನ್ನ ಹಿಂದೆ ಬಂದು ಪಿಸುಗುಟ್ಟಿದ.

"ಮೇಡಂ, ಹೊಡದ್ರ ನನಗೂ ಹೊಡೀತಾರ್ರಿ."

"ಹೊಡೀಲಿ. ದೂಳಿನ ಮ್ಯಾಲ ಡಾಂಬರ ಹಾಕಿದ್ದಕ್ಕ ಬಿದ್ದಾವ ಅಂತ ತಿಳಕೋ," ಎಂದೆ.

ಸಾಹೇಬರ ಫೋನ್ ಬಂತು. ಯಾರು ಯಾರೋ ಅವರಿಗೆ ಫೋನ್ ಮಾಡಿದ್ದರು. "ತಲಿ ಕೆಟ್ಟೈತೇನ್ರಿ ನಿಮಗ? ಮೊದಲ ಪೀಪಾಯಿ ತಗೀರಿ," ಎಂದು ಕೂಗಿದರು. ರಸ್ತೆ ಕುಸಿದು ಬಸ್ಸು ಮಗುಚಿದರೆ ಹೊಣೆ ಅವರದು ಎಂದು ಬರೆದುಕೊಡಲಿ, ಈಗಲೇ ತೆಗೆಯುತ್ತೇನೆ ಎಂದೆ. ಅವರು ಬರೆದುಕೊಡುವವರಲ್ಲ. ಫೋನ್ ಇಟ್ಟರು.

ಊಟದ ಹೊತ್ತಿಗೆ ಕಾಕಾ ಬಂದರು. ಸಾಲಿನಲ್ಲಿ ಅವರ ಬೀಗರ ಕಬ್ಬೂ ನಿಂತಿತ್ತು. ಹಿಂದೆ ಇಪ್ಪತ್ತು ಮೂವತ್ತು ಮಂದಿ. ಎಲ್ಲರೂ ಪೈಪಿನವರೇ.

"ಆತ್ರಿ ಮೇಡಂ. ಪಟ್ಟಿ ಕೊಡ್ತೇನಿ. ಇವತ್ತ ಕಡಸ್ತೇನಿ. ಪೈಪೂ ತಗೀತೇವಿ. ಕಬ್ಬಿನ ಗಾಡಿ ಬಿಡ್ರಿ."

ನಿನ್ನೆ ಒಂದು ಜೀವಕ್ಕೆ ಸಿಗದ ಹೊಲ ಇವತ್ತು ಕಬ್ಬಿಗೆ ಸಿಕ್ಕಿತು. ನನಗೆ ಬೇಕಾಗಿದ್ದೇನೋ ಅದೇ, ಆದರೂ ಅವರ ಮುಖ ನೋಡಲು ಮನಸ್ಸಾಗಲಿಲ್ಲ. ಸಂಜೆಯೊಳಗೆ ಕಟಾವಿನ ಗ್ಯಾಂಗು ಪಟ್ಟಿಯನ್ನು ಬೋಳಿಸಿತು. ಗರಸು ಬಂತು, ರೋಲರ್ ಬಂತು. ಬದಲಿ ರಸ್ತೆ ಆಯಿತು, ನಿಂತಿದ್ದ ಕಬ್ಬಿನ ಗಾಡಿಗಳು ಅದರ ಮೇಲೆ ಹೋದವು. ಇತ್ತ ಹೆದ್ದಾರಿಯನ್ನು ಮೇಲಿನಿಂದ ಬಿಚ್ಚತೊಡಗಿದೆವು.

ಚಹಾದಂಗಡಿಯವಳ ಗಂಡನ ಡಯಾಲಿಸಿಸ್ ಸರದಿಯ ದಿನ ನಾನು ಬೆಳಿಗ್ಗೆಯೇ ಅಲ್ಲಿದ್ದೆ. ಬಸ್ಸು ಬದಲಿ ರಸ್ತೆಗೆ ಇಳಿಯುವ ಮೊದಲು ಗಂಡಹೆಂಡತಿಯನ್ನು ಹತ್ತಿಸಿಕೊಂಡಿತು. ಅರ್ಧ ದಾರಿಗೆ ಬಂದದ್ದೇ ತಡ ಹಿಂದಿನ ಚಕ್ರ ಗೂಡಿನವರೆಗೆ ಹೂತುಹೋಯಿತು. ಓಡಿದೆ. ಗರಸಿನ ಕೆಳಗೆ ಕೆಸರು. ಪೈಪು ಕೀಳುವ ಮೊದಲು ಉಳಿದ ಕಬ್ಬಿಗೆ ಕೊನೆಯದಾಗಿ ಒಂದು ನೀರು ಕೊಟ್ಟುಬಿಡೋಣ ಎಂದು ಕಾಕಾ ರಾತ್ರಿಯೆಲ್ಲ ಹೊಲಕ್ಕೆ ನೀರು ಬಿಟ್ಟಿದ್ದರು. ಪಟ್ಟಿಯ ಪಕ್ಕದಲ್ಲೇ.

ಆ ಹೊತ್ತಿಗೆ ನನ್ನ ಬಾಯಿಂದ ಬಂದ ಮಾತುಗಳನ್ನು ಬರೆಯುವಂತಿಲ್ಲ. ಬಸ್ಸಿನೊಳಗೆ ಅವನು ಕಿಟಕಿಗೆ ಹಣೆ ಹಚ್ಚಿ ವಾಂತಿ ಮಾಡಿಕೊಳ್ಳುತ್ತಿದ್ದ. ಹೆಂಡತಿ ಕೆಳಗಿಳಿದು ಬಂದಳು. ಕಾಕಾನನ್ನು ಏನೂ ಅನ್ನಲಿಲ್ಲ. ನೆಟ್ಟಗೆ ನನ್ನ ಎದುರಿಗೆ ಬಂದು ನಿಂತಳು.

"ಬಸ್ಸಿಗೆ ಏನೂ ಆಗೂದಿಲ್ಲ ಅಂದಿದ್ರಿ. ನೀವ ಅಂದಿದ್ರಿ."

ಕಬ್ಬು ಹೇರಿಕೊಂಡು ಹಿಂದೆ ನಿಂತಿದ್ದ ಟ್ರ್ಯಾಕ್ಟರಿನವರು ಆಗಲೇ ಟ್ರೇಲರ್ ಬಿಚ್ಚುತ್ತಿದ್ದರು. ಎರಡು ಟ್ರ್ಯಾಕ್ಟರುಗಳಿಗೆ ಸರಪಳಿ ಕಟ್ಟಿದರು. ಕಾಕಾ ಧೋತರ ಎತ್ತಿ ಕಟ್ಟಿ ಕೆಸರಿಗಿಳಿದು ಚಕ್ರದ ಕೆಳಗೆ ಕಬ್ಬಿನ ಒಣ ಗರಿಯ ರವದಿ ತುರುಕಿದರು. ಜನರೆಲ್ಲ ಹಿಂದಿನಿಂದ ದೂಡಿದರು. ನಾನೂ ದೂಡಿದೆ. ಬಸ್ಸು ಮೇಲಕ್ಕೆ ಬಂತು, ಹೋಯಿತು. ಆಸ್ಪತ್ರೆಯಲ್ಲಿ ಅವನ ಸರದಿಯನ್ನು ಕಾಯ್ದಿರಿಸಿದ್ದರಂತೆ, ಸಂಜೆ ಸಂದೇಶ ಬಂದ ಮೇಲೆ ನಾನು ಊಟ ಮಾಡಿದೆ. ತಮ್ಮನ್ನು ಪೂರ್ತಿ ದ್ವೇಷಿಸಲೂ ಈ ಜನ ಬಿಡುವುದಿಲ್ಲವಲ್ಲ ಎಂಬ ಸಿಟ್ಟೂ ನನಗೆ ಅವರ ಮೇಲೆ ಸೇರಿಕೊಂಡಿತು.

ಕೆಳಗಿನ ಕೆಲಸ ಚೆನ್ನಾಗಿ ನಡೆಯಿತು. ಕೊಳೆತ ಮಣ್ಣನ್ನು ಗಟ್ಟಿ ನೆಲ ಸಿಗುವವರೆಗೆ ತೆಗೆಸಿದೆ. ಮರಳು ಹಾಸಿ, ಸಿಮೆಂಟಿನ ಕೊಳವೆ ಇಳಿಸಿ, ಒಂದು ಕಡೆಗೆ ತುಸು ಇಳಿಜಾರು ಕೊಟ್ಟು ಕೂಡಿಸಿದೆವು. ಪೈಪಿನವರು ಒಬ್ಬೊಬ್ಬರಾಗಿ ಬಂದು ಜೋಡಣೆಯಿಲ್ಲದ ಕಪ್ಪು ಪೈಪನ್ನು ಅದರೊಳಗೆ ತೂರಿಸಿದರು. ಗರಸು, ಖಡಿ, ಹದವಾಗಿ ನೀರು ಬೆರೆಸಿದ ಜಲ್ಲಿ, ಒಂದೊಂದು ಪದರಕ್ಕೂ ರೋಲರ್. ಮೇಸ್ತ್ರಿ ಈ ಸಲ ಹೇಳಿಸಿಕೊಳ್ಳದೆ ಗುಡಿಸಿದ. ಎರಡು ಪದರ ಡಾಂಬರು ಬಿತ್ತು. ಮೋಟರುಗಳು ಓಡಿದವು, ಕಬ್ಬು ಓಡಿತು, ರಸ್ತೆ ಅಲುಗಲಿಲ್ಲ. ಸಾಹೇಬರು ಬಂದು ಅದರ ಮೇಲೆ ನಿಂತು ಫೋಟೋ ತೆಗೆಸಿಕೊಂಡರು. ಅವರೇ ಮಾಡಿಸಿದ್ದೆಂದು ಮೂಡಲಗಿಯಲ್ಲಿ ಹೇಳಿಕೊಂಡರು. ಹೇಳಿಕೊಳ್ಳಲಿ. ನನ್ನ ಕೈಯಿಂದ ಆದ ಕೆಲಸಗಳಲ್ಲಿ ಅಷ್ಟು ಒಳ್ಳೆಯದು ಇನ್ನೊಂದಿಲ್ಲ.

ಕೆಲವು ವಾರ ಆ ಕಡೆ ಹೋಗಲಾಗಲಿಲ್ಲ. ಮುಂದೊಂದು ದಿನ ಜೀಪಿನಲ್ಲಿ ಕುಲಗೋಡದಿಂದ ಬರುತ್ತಿದ್ದೆ. ತಿರುವಿನಲ್ಲಿ ಅವಳು ಗಂಡನನ್ನು ತೋಳಿನಲ್ಲಿ ಹಿಡಿದುಕೊಂಡು ರಸ್ತೆಯ ಅಂಚಿಗೆ ನಿಂತಿದ್ದಳು. ನನ್ನ ಮುಂದಿದ್ದ ಬಸ್ಸಿಗೆ ಸೆರಗು ಬೀಸಿದಳು. ಬಸ್ಸು ಹಾರ್ನ್ ಹೊಡೆದು ನುಣ್ಣನೆಯ ಡಾಂಬರಿನ ಮೇಲೆ ಹಾರಿಹೋಯಿತು. ಅಂಗಡಿಯ ಮುಂದೆ ಒಂದೂ ಟ್ರ್ಯಾಕ್ಟರ್ ಇರಲಿಲ್ಲ. ತಗ್ಗಿದ್ದಾಗ ಎಲ್ಲರೂ ಇಲ್ಲಿ ನಿಧಾನಿಸುತ್ತಿದ್ದರು, ಹಾಗೆಯೇ ಚಹಾ ಕುಡಿದು ಹೋಗುತ್ತಿದ್ದರು. ಈಗ ನಿಧಾನಿಸಲು ಯಾರಿಗೂ ಕಾರಣವಿರಲಿಲ್ಲ.

ಇಳಿದು ಹತ್ತಿರ ಹೋದೆ. ಬೈಯುತ್ತಾಳೆ ಅಂದುಕೊಂಡಿದ್ದೆ.

"ರಸ್ತಿ ಭಾಳ ಚೊಲೊ ಆಗೇತ್ರಿ ಮೇಡಂ. ಅದಕ್ಕ ಯಾರೂ ನಿಂದ್ರವಲ್ರು," ಎಂದಳು. ಗಂಡನ ಮುಖ ಊದಿತ್ತು. ಎರಡನೆಯ ಬಸ್ಸೂ ಆಗಲೇ ಹೋಗಿತ್ತಂತೆ.

ಆ ದಿನ ಜೀಪಿನಲ್ಲಿ ಕೂಡಿಸಿಕೊಂಡು ಘಟಪ್ರಭಾಕ್ಕೆ ಬಿಟ್ಟುಬಂದೆ. ಮರುದಿನ ಬಸ್ಸಿನವರ ಕಚೇರಿಗೆ ಹೋದೆ. ಮಂಜೂರಾದ ನಿಲ್ದಾಣ ಊರಲ್ಲಿದೆ, ಅಲ್ಲಿಗೆ ನಡೆದು ಬರಲಿ ಎಂದರು. ನಡೆಯಲು ಆಗುವುದಿಲ್ಲ ಎಂದೆ. ಎಲ್ಲರೂ ಹಾಗೇ ಹೇಳುತ್ತಾರೆ ಎಂದರು. ತಿರುವಿನಲ್ಲಿ ಕೋರಿಕೆಯ ನಿಲುಗಡೆ ಎಂದು ಬೋರ್ಡು ಬರೆಸಿ ನಿಲ್ಲಿಸಿದೆ. ಡ್ರೈವರುಗಳು ಅದನ್ನು ಓದಲೂ ಇಲ್ಲ.

ಮೇಸ್ತ್ರಿಗೆ ಫೋನ್ ಮಾಡಿ ಒಂದು ಗಾಡಿ ಡಾಂಬರಿನ ಖಡಿ ತರಲು ಹೇಳಿದೆ. ಹೆದ್ದಾರಿಯಲ್ಲಿ ಬೇಕಾದಲ್ಲಿ ಹಂಪ್ ಹಾಕುವಂತಿಲ್ಲ. ಹಾಕಿದವರ ಮೇಲೆ ನೋಟೀಸು ಕೊಡುವ ಕೆಲಸವೂ ನನ್ನದೇ. ಮೇಸ್ತ್ರಿ ಚಹಾದಂಗಡಿಯ ಮುಂದೆ, ಹೊಸ ರಸ್ತೆಯ ಮೇಲೆ ಸುಣ್ಣದಲ್ಲಿ ನಾನು ಎಳೆದ ಗೆರೆಯನ್ನು ನೋಡಿ ಸಲಿಕೆ ಕೆಳಗಿಟ್ಟ.

"ಮೇಡಂ, ನಮ್ಮ ಕೈಯಾಗ ಇಷ್ಟ ಚೊಲೊ ರಸ್ತಿ ಯಾವತ್ತೂ ಆಗಿದ್ದಿಲ್ರಿ. ಇದರ ಮ್ಯಾಲ ಹಾಕ್ಲೇನ್ರಿ?"

"ಹಾಕ್ರಿ. ಬಸ್ ನಿಂದ್ರೂವಷ್ಟ ಎತ್ತರ ಹಾಕ್ರಿ."

ಅವನು ಹಾಕಿದ. ನೋಡಲಾಗದೆ ನಾನು ಬೇರೆ ಕಡೆ ತಿರುಗಿ ನಿಂತೆ. ಬಿಳಿ ಪಟ್ಟೆ ಬಳಿಸಿ, ಎರಡೂ ಕಡೆ ಎಚ್ಚರಿಕೆಯ ಬೋರ್ಡು ನೆಡಿಸಿ, ಅವಳ ಗಂಡನ ಸರದಿಯ ದಿನ ಮತ್ತೆ ಹೋದೆ. ಬಸ್ಸು ತಿರುವಿನಲ್ಲಿ ಕಾಣಿಸಿತು, ಬ್ರೇಕ್ ಕಿರುಗುಟ್ಟಿತು, ಹಂಪಿನ ಮೇಲೆ ಹತ್ತಿ ನಿಂತೇ ಹೋಯಿತು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಯಾವ ಹುಚ್ಚ ಎಂಜಿನಿಯರ್ ಹಾಕಿಸ್ಯಾನ್ರಿ ಇಲ್ಲಿ ಇದನ್ನ?"

ಕಂಡಕ್ಟರ್ ಬಾಗಿಲು ತೆಗೆದ. ಅವಳು ಗಂಡನನ್ನು ಹಿಂದಿನಿಂದ ದೂಡಿ ಹತ್ತಿಸಿದಳು, ತಾನೂ ಹತ್ತಿದಳು. ನಾನು ಕೆಳಗಿದ್ದ ಅವರ ಚೀಲವನ್ನು ಎತ್ತಿ ಒಳಗೆ ಕೊಟ್ಟು ಬಾಗಿಲು ಹಾಕಿದೆ.